ಬಿಯಾಲಿಕ್, ಹಯೀಮ್ ನಹ್ಮಾನ್ (1873-1934)

ಆಧುನಿಕ ಹೀಬ್ರೂ ಸಾಹಿತ್ಯದ ಅಗ್ರಗಣ್ಯ ಕವಿ. ಕಥೆಗಾರ, ಪ್ರಬಂಧಕಾರ, ಅನುವಾದಕ, ಸಂಪಾದಕ ಹಾಗೂ ಪ್ರಕಾಶಕ. ಯೆಹೂದಿಗಳ ರಾಷ್ಟ್ರಕವಿಯೆಂದು ಪ್ರಸಿದ್ಧ. ಇಸ್ರೇಲ್ ಸ್ಥಾಪನೆಯಾದದ್ದು 1948ರಲ್ಲಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಈತ ತೀರಿಕೊಂಡಿದ್ದ. ರಾಷ್ಟ್ರಕವಿ ಎಂಬ ಬಿರುದು ಬಂದಾಗ ಈತನಿನ್ನೂ ರಷ್ಯನ್ ಸಾಮ್ರಾಜ್ಯದ ಪ್ರಜೆ. ಆ ಬಿರುದು ಕೊಟ್ಟ ಜನಕ್ಕೆ ಸ್ವಂತ ರಾಷ್ಟ್ರವೂ ಇರಲಿಲ್ಲ, ಮನೆಯಲ್ಲಿ ಹೀಬ್ರೂ ಮಾತನಾಡುವ ರೂಢಿಯೂ ಇರಲಿಲ್ಲ. ಪ್ರಾರ್ಥನೆಗೂ ಧರ್ಮಶಾಸ್ತ್ರಕ್ಕೂ ಮೀಸಲಾಗಿದ್ದ ಭಾಷೆಯಲ್ಲಿ ಬಡತನ, ಕಾಮ, ಸಿಟ್ಟು, ತಬ್ಬಲಿತನಗಳನ್ನು ಬರೆದದ್ದು ಈತನ ಹೆಚ್ಚಳ. ಹರಿದು ಹಂಚಿಹೋಗಿದ್ದ ಪ್ರಾಚೀನ ಹೀಬ್ರೂ ಸಾಹಿತ್ಯವನ್ನು ಕಲೆಹಾಕಿ ಹೊಸ ಓದುಗರ ಕೈಗಿತ್ತದ್ದು ಅಷ್ಟೇ ತೂಕದ ಇನ್ನೊಂದು ಸಾಧನೆ.

ಹಿನ್ನೆಲೆ

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿಯೇ ಹೀಬ್ರೂ ದಿನಬಳಕೆಯ ಮಾತಿನಿಂದ ಮರೆಯಾಯಿತು. ಆದರೆ ಬರೆಹ ನಿಲ್ಲಲಿಲ್ಲ. ಬೈಬಲಿನ ವ್ಯಾಖ್ಯಾನ, ಧರ್ಮನಿರ್ಣಯ, ವ್ಯಾಪಾರಿಗಳ ಓಲೆ, ಪ್ರಾರ್ಥನಾಗೀತೆ ಎಲ್ಲವೂ ಹೀಬ್ರೂವಿನಲ್ಲಿ ನಡೆದೇ ಇದ್ದವು. ಹನ್ನೊಂದು, ಹನ್ನೆರಡನೆಯ ಶತಮಾನಗಳ ಸ್ಪೇನಿನಲ್ಲಿ ಶ್ಮುಯೆಲ್ ಹನಗೀದ್, ಶ್ಲೋಮೊ ಇಬ್ನ್ ಗಬಿರೋಲ್, ಮೋಶೆ ಇಬ್ನ್ ಎಜ್ರಾ, ಯೆಹೂದಾ ಹಲೇವಿ ಅರಬ್ಬಿ ಛಂದಸ್ಸನ್ನು ಅಳವಡಿಸಿಕೊಂಡು ಮದ್ಯ, ಪ್ರೇಮ, ಯುದ್ಧ, ಭಕ್ತಿಗಳನ್ನು ಹಾಡಿದರು. ಪೂರ್ವ ಯೂರೋಪಿನಲ್ಲಿ ಮನೆಮಾತು ಯಿದ್ದಿಷ್. ಓದುವ ಭಾಷೆ ಹೀಬ್ರೂ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಜ್ಞಾನೋದಯ ಚಳವಳಿ (ಹಸ್ಕಾಲಾ) ಈ ಓದಿನ ಭಾಷೆಯಲ್ಲಿ ಲೌಕಿಕ ಸಾಹಿತ್ಯವನ್ನು ಬೆಳೆಸಲು ತೊಡಗಿತು. ಆದರೆ ಆ ಕಾಲದ ಕಾವ್ಯ ಬಹುಮಟ್ಟಿಗೆ ಬೈಬಲಿನ ನುಡಿಗಟ್ಟುಗಳನ್ನು ಪೋಣಿಸಿದ ಆಲಂಕಾರಿಕ ರಚನೆಯಾಗಿತ್ತು.

ರಷ್ಯದ ಯೆಹೂದಿಗಳು ಸಾಮ್ರಾಜ್ಯದ ಪಶ್ಚಿಮದ ಪ್ರಾಂತಗಳಲ್ಲಿ ಮಾತ್ರ ವಾಸಿಸಬೇಕೆಂಬ ಕಟ್ಟಳೆಯಿತ್ತು. 1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯ ಬಳಿಕ ಅವರ ಮೇಲೆ ಗುಂಪುದಾಳಿಗಳು ಸರಣಿಯಾಗಿ ನಡೆದವು. ಶಿಕ್ಷಣದಿಂದಲೂ ಸುಧಾರಣೆಯಿಂದಲೂ ಸಮಾನತೆ ಸಿಕ್ಕೀತೆಂಬ ನಂಬಿಕೆ ಕುಸಿಯಿತು. ಲಕ್ಷಾಂತರ ಮಂದಿ ಅಮೆರಿಕಕ್ಕೆ ವಲಸೆ ಹೋದರು. ಒಂದು ಸಣ್ಣ ಗುಂಪು ಪ್ಯಾಲೆಸ್ತೀನಿನ ಕಡೆ ಮುಖ ಮಾಡಿತು. ಎಲಿಯೆಜರ್ ಬೆನ್ ಯೆಹೂದಾ ಜೆರೂಸಲೆಮಿನಲ್ಲಿ ಹೀಬ್ರೂವನ್ನು ಮನೆಮಾತಾಗಿಸುವ ಪ್ರಯತ್ನ ಆರಂಭಿಸಿದ್ದೂ ಅದೇ ವರ್ಷ. ಬಿಯಾಲಿಕ್ ಬೆಳೆದದ್ದು ಈ ತಿರುವಿನಲ್ಲಿ.

ಬಾಲ್ಯ ಮತ್ತು ಶಿಕ್ಷಣ

ಬಿಯಾಲಿಕ್ ಈಗಿನ ಯುಕ್ರೇನಿನಲ್ಲಿರುವ ವೊಲಿನ್ ಪ್ರಾಂತದ ರಾದಿ ಎಂಬ ಹಳ್ಳಿಯಲ್ಲಿ 1873ರ ಜನವರಿ 9ರಂದು ಹುಟ್ಟಿದ. ತಂದೆ ಇತ್ಸಾಕ್ ಯೋಸೆಫ್ ವಿದ್ಯಾವಂತ. ಮರದ ವ್ಯವಹಾರದಲ್ಲಿ ಕೈಸುಟ್ಟುಕೊಂಡವನು. ಮಗನಿಗೆ ಆರರ ವಯಸ್ಸಾಗುವಷ್ಟರಲ್ಲಿ ಕುಟುಂಬ ಝಿಟೋಮಿರ್ ಪಟ್ಟಣದ ಅಂಚಿಗೆ ಬಂದು ನೆಲೆಸಿತು. ತಂದೆ ಅಲ್ಲಿ ಹೆಂಡದಂಗಡಿ ನಡೆಸಿ, 1880ರಲ್ಲಿ ತೀರಿಕೊಂಡ. ಮಕ್ಕಳನ್ನು ಸಾಕಲಾರದೆ ತಾಯಿ ದೀನಾ ಪ್ರೀವಾ ಏಳು ವರ್ಷದ ಹಯೀಮನನ್ನು ಅಜ್ಜ ಯಾಕೊವ್ ಮೋಶೆಯ ಮನೆಯಲ್ಲಿ ಬಿಟ್ಟಳು. ಕಾಡು, ಹೊಲ, ಕೊಳಗಳ ನಡುವೆ ಕಳೆದ ಹಳ್ಳಿಯ ಆರು ವರ್ಷ, ತಂದೆಯ ಸಾವು, ತಾಯಿಯಿಂದ ಅಗಲಿಕೆ ಇವು ಮೂರೂ ಈತನ ಕಾವ್ಯದ ಮೂಲದ್ರವ್ಯಗಳಾದವು. ಹೆಂಡದಂಗಡಿಯ ಗದ್ದಲದ ನಡುವೆ ಧರ್ಮಗ್ರಂಥ ತೆರೆದು ಕುಳಿತ ತಂದೆಯ ಚಿತ್ರವನ್ನು ಬಿಯಾಲಿಕ್ ಪೂರ್ಣವಾಗಿ ಕವಿತೆಗೆ ತಂದದ್ದು ಬದುಕಿನ ಕೊನೆಯ ವರ್ಷಗಳಲ್ಲಿ.

ಅಜ್ಜ ಹಸಿದೀಯ ಪಂಥದ ಕಟ್ಟಾ ಸಂಪ್ರದಾಯಸ್ಥ, ಶಿಸ್ತಿನ ಮನುಷ್ಯ. ಅವನ ಪುಸ್ತಕದ ಕಪಾಟು ಹುಡುಗನಿಗೆ ಆಟದ ಬಯಲಾಯಿತು. ತಾಲ್ಮುಡ್, ಕಬ್ಬಾಲದ ಅನುಭಾವ ಗ್ರಂಥಗಳು, ಮಧ್ಯಯುಗದ ತತ್ತ್ವಶಾಸ್ತ್ರ ಎಲ್ಲವನ್ನೂ ಅವನು ಓದಿದ. ಕದ್ದುಮುಚ್ಚಿ ಜ್ಞಾನೋದಯದ ಲೇಖಕರನ್ನೂ ಓದಿದ. ಹದಿನೇಳರ ವಯಸ್ಸಿನಲ್ಲಿ, 1890ರಲ್ಲಿ, ಲಿಥುವೇನಿಯನ್ ಸಂಪ್ರದಾಯದ ಖ್ಯಾತ ತಾಲ್ಮುಡ್ ವಿದ್ಯಾಪೀಠವಾದ ವೊಲೊಝಿನ್ ಯೆಶಿವಾ ಸೇರಿದ. ಅಲ್ಲಿ ಲೌಕಿಕ ವಿದ್ಯೆಯೂ ಸಿಕ್ಕೀತೆಂದು ನಂಬಿ ಹೋದವನಿಗೆ ಸಿಕ್ಕಿದ್ದು ಹಗಲಿರುಳು ತಾಲ್ಮುಡ್ ಪಠಣ. ಆದರೆ ಸಹಪಾಠಿಗಳ ನಡುವೆ ಗುಟ್ಟಾಗಿ ಜಿಯೋನ್‌ವಾದದ (ಪ್ಯಾಲೆಸ್ತೀನಿಗೆ ಮರಳುವ ಚಳವಳಿಯ) ಸಂಘವಿತ್ತು. ರಷ್ಯನ್ ಕಾವ್ಯವೂ ಹೀಬ್ರೂ ಪತ್ರಿಕೆಗಳೂ ಕೈಯಿಂದ ಕೈಗೆ ಹೋಗುತ್ತಿದ್ದವು. ದೀಪದ ಬೆಳಕಿನಲ್ಲಿ ತಾರುಣ್ಯವನ್ನೆಲ್ಲ ಶಾಸ್ತ್ರಪಾಠಕ್ಕೆ ತೆತ್ತ ವಿದ್ಯಾರ್ಥಿಯನ್ನು ಕುರಿತ ದೀರ್ಘ ಕವನ ಹಮತ್ಮೀದ್ ಈ ಅನುಭವದಿಂದ ಹುಟ್ಟಿತು. ಆ ವಿದ್ಯಾರ್ಥಿಯ ಬಗ್ಗೆ ಕವಿಗೆ ಗೌರವವಿದೆ, ವ್ಯರ್ಥವಾದ ಜೀವದ ಬಗ್ಗೆ ಮರುಕವಿದೆ. ತಾನು ಆ ದಾರಿ ಬಿಟ್ಟುಬಂದೆನೆಂಬ ಅಳುಕೂ ಇದೆ. ಬಿಯಾಲಿಕನ ಬಹುತೇಕ ಬರೆಹದ ಹಿಂದೆ ಈ ಇಬ್ಬಂದಿತನ ಕೆಲಸ ಮಾಡುತ್ತದೆ.

ಒಡೆಸ್ಸಾ ಮತ್ತು ಮೊದಲ ಕವಿತೆಗಳು

1891ರಲ್ಲಿ ಯಾರಿಗೂ ಹೇಳದೆ ವೊಲೊಝಿನ್ ಬಿಟ್ಟು ಕಪ್ಪುಸಮುದ್ರದ ಬಂದರಾದ ಒಡೆಸ್ಸಾಕ್ಕೆ ಹೋದ. ಹೀಬ್ರೂ ಸಾಹಿತ್ಯದ ರಾಜಧಾನಿಯಂತಿದ್ದ ಈ ಊರಿನಲ್ಲಿ ಆಧುನಿಕ ಹೀಬ್ರೂ ಗದ್ಯದ ಹಿರಿಯ ಮೆಂಡೆಲೆ ಮೋಖೆರ್ ಸ್ಫೋರಿಮ್, ಸಾಂಸ್ಕೃತಿಕ ಜಿಯೋನ್‌ವಾದದ ಚಿಂತಕ ಅಹದ್ ಹಾಆಮ್, ಸಂಪಾದಕ ಯೆಹೋಶುವಾ ಹಾನಾ ರಾವ್ನಿತ್ಸ್ಕಿ ವಾಸವಾಗಿದ್ದರು. ರಾವ್ನಿತ್ಸ್ಕಿ ತನ್ನ ಪರ್ದೇಸ್ ಸಂಕಲನದಲ್ಲಿ ಬಿಯಾಲಿಕನ ಎಲ್ ಹತ್ಸಿಪ್ಪೋರ್ (ಹಕ್ಕಿಗೆ) ಕವಿತೆಯನ್ನು 1892ರಲ್ಲಿ ಪ್ರಕಟಿಸಿದ. ಬೆಚ್ಚಗಿನ ನಾಡಿನಿಂದ ಮರಳಿದ ಹಕ್ಕಿಯೊಡನೆ ಜಿಯೋನಿನ ಹಂಬಲವನ್ನು ತೋಡಿಕೊಳ್ಳುವ ಈ ಕವಿತೆ ಕಾಲದ ಧಾಟಿಯದೇ ಆದರೂ ಅದರ ಸರಳತೆ ಓದುಗರ ಗಮನ ಸೆಳೆಯಿತು.

ರಷ್ಯನ್ ಸರ್ಕಾರ 1892ರಲ್ಲಿ ವೊಲೊಝಿನ್ ವಿದ್ಯಾಪೀಠವನ್ನು ಮುಚ್ಚಿಸಿತು. ತಾನು ಒಡೆಸ್ಸಾದಲ್ಲಿರುವುದು ಅಜ್ಜನಿಗೆ ತಿಳಿಯಬಾರದೆಂದು ಬಿಯಾಲಿಕ್ ಅವಸರದಲ್ಲಿ ಝಿಟೋಮಿರಿಗೆ ಮರಳಿದ. ಮನೆಯಲ್ಲಿ ಅಣ್ಣ ಸಾವಿನ ಹಾಸಿಗೆಯಲ್ಲಿದ್ದ. ಅಜ್ಜನೂ ಹೆಚ್ಚು ದಿನ ಬದುಕಲಿಲ್ಲ. 1893ರಲ್ಲಿ ಮಾನ್ಯಾ ಅವೆರ್ಬುಖಳನ್ನು ಮದುವೆಯಾದ. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಮಾವನೊಡನೆ ಕೊರೊಸ್ತಿಷೇವಿನಲ್ಲಿ ಮರದ ವ್ಯಾಪಾರ ಮಾಡಿ ನಷ್ಟಪಟ್ಟ. 1897ರಿಂದ ಮೂರು ವರ್ಷ ಪೋಲೆಂಡಿನ ಗಡಿಯ ಸೊಸ್ನೋವಿಯೆತ್ಸ್ ಎಂಬಲ್ಲಿ ಹೀಬ್ರೂ ಉಪಾಧ್ಯಾಯನಾದ. 1900ರಲ್ಲಿ ಒಡೆಸ್ಸಾದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು; ಅಲ್ಲಿಂದ ಎರಡು ದಶಕ ಅದೇ ಅವನ ಊರಾಯಿತು. ಮೊದಲ ಕವನ ಸಂಕಲನ 1901ರಲ್ಲಿ ವಾರ್ಸಾದಲ್ಲಿ ಪ್ರಕಟವಾಯಿತು. ಇದಕ್ಕೂ ಮೊದಲೇ ಬರೆದಿದ್ದ ಬಿರ್ಕಾತ್ ಆಮ್ (ಜನಕ್ಕೆ ಹರಕೆ) ಕಾರ್ಮಿಕ ಚಳವಳಿಯ ಗೀತೆಯಾಗಿ ಪ್ಯಾಲೆಸ್ತೀನಿನ ವಲಸಿಗರ ನಾಲಗೆಯ ಮೇಲೆ ನಿಂತಿತು.

ಕಿಷಿನೆವ್

1903ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ದಿನ, ಬೆಸ್ಸರೇಬಿಯಾದ ರಾಜಧಾನಿ ಕಿಷಿನೆವ್‌ನಲ್ಲಿ (ಈಗಿನ ಮಾಲ್ಡೋವಾದ ಕಿಷಿನಾವ್) ಯೆಹೂದಿಗಳ ಮೇಲೆ ದಾಳಿ ಆರಂಭವಾಯಿತು. ಕ್ರೈಸ್ತ ಬಾಲಕನೊಬ್ಬನನ್ನು ಯೆಹೂದಿಗಳು ರಕ್ತಕ್ಕಾಗಿ ಕೊಂದರೆಂಬ ಸುಳ್ಳು ಕಥೆಯನ್ನು ಸ್ಥಳೀಯ ಪತ್ರಿಕೆಯೊಂದು ವಾರಗಟ್ಟಲೆ ಹಬ್ಬಿಸಿತ್ತು. ಎರಡು ದಿನಗಳಲ್ಲಿ 49 ಯೆಹೂದಿಗಳು ಸತ್ತರು. ನೂರಾರು ಮಂದಿ ಗಾಯಗೊಂಡರು. ಹೆಂಗಸರ ಮೇಲೆ ಅತ್ಯಾಚಾರಗಳಾದವು. ನೂರಾರು ಮನೆ, ಅಂಗಡಿಗಳು ಲೂಟಿಯಾದವು. ಸುದ್ದಿ ಬಂದೊಡನೆ ಬಿಯಾಲಿಕ್ ಅಲ್ ಹಶ್ಹೀತಾ (ಕಗ್ಗೊಲೆಯನ್ನು ಕುರಿತು) ಎಂಬ ಕಿರುಗವನ ಬರೆದ. ಆಕಾಶವನ್ನೇ ಉದ್ದೇಶಿಸಿ ನುಡಿಯುವ ಆ ಕವಿತೆಯಲ್ಲಿ ದೇವರ ನ್ಯಾಯದ ಮೇಲಿನ ಭರವಸೆ ಒಡೆದುಹೋಗಿದೆ. ಪ್ರತೀಕಾರದ ಆಸೆಗೂ ಅಲ್ಲಿ ಎಡೆಯಿಲ್ಲ.

ಇತಿಹಾಸಕಾರ ಸಿಮೋನ್ ದುಬ್ನೋವ್ ಮತ್ತು ಅಹದ್ ಹಾಆಮ್ ಮುಂತಾದವರಿದ್ದ ಒಡೆಸ್ಸಾದ ಸಮಿತಿ ಘಟನೆಯನ್ನು ದಾಖಲಿಸಲು ಬಿಯಾಲಿಕನನ್ನು ಕಿಷಿನೆವಿಗೆ ಕಳುಹಿಸಿತು. ಸುಮಾರು ಐದು ವಾರ ಅಲ್ಲಿದ್ದು ಬದುಕುಳಿದವರ ಹೇಳಿಕೆಗಳನ್ನು ಅವನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡ. ಸಮಿತಿ ಕೇಳಿದ್ದ ವರದಿಯನ್ನು ಅವನು ಬರೆಯಲಿಲ್ಲ. ಆ ಹೇಳಿಕೆಗಳು ಅವನು ಬದುಕಿರುವವರೆಗೆ ಅಚ್ಚಾಗಲಿಲ್ಲ. ಬದಲಿಗೆ ಬಂದದ್ದು ಬೆಇರ್ ಹಹರೇಗಾ (ಕೊಲೆಯ ನಗರದಲ್ಲಿ) ಎಂಬ ದೀರ್ಘ ಕವನ. ರಷ್ಯನ್ ಸೆನ್ಸಾರಿನ ಕಣ್ಣು ತಪ್ಪಿಸಲು 1904ರಲ್ಲಿ ಅದನ್ನು ನೆಮಿರೋವಿನ ಪ್ರವಾದನೆ ಎಂಬ ಅರ್ಥದ ಹೆಸರಿನಲ್ಲಿ, ಕೆಲವು ಸಾಲುಗಳನ್ನು ಕತ್ತರಿಸಿ ಪ್ರಕಟಿಸಲಾಯಿತು. 1648ರಲ್ಲಿ ಕೊಸಾಕರು ಯೆಹೂದಿಗಳನ್ನು ಕೊಂದ ಊರು ನೆಮಿರೋವ್. ಹಳೆಯ ದುರಂತವೆಂಬ ಮುಸುಕಿನಲ್ಲಿ ಹೊಸದು ಹೊರಬಂತು.

ಈ ಕವನದಲ್ಲಿ ಮಾತನಾಡುವವನು ದೇವರೇ. ಬೈಬಲಿನ ಪ್ರವಾದಿ ಯೆಹೆಜ್ಕೇಲನನ್ನು ಎಲುಬುಗಳ ಕಣಿವೆಗೆ ಕರೆದೊಯ್ದಂತೆ ಒಬ್ಬ ಮನುಷ್ಯನನ್ನು ಅಂಗಳ, ಅಟ್ಟ, ನೆಲಮಾಳಿಗೆ, ಸ್ಮಶಾನಗಳ ಮೂಲಕ ನಡೆಸುತ್ತಾನೆ; ನೋಡು, ಮುಟ್ಟು, ಆದರೆ ಅಳಬೇಡ ಎಂದು ಕಟ್ಟುಮಾಡುತ್ತಾನೆ. ಯೆಹೂದಿ ಶೋಕಗೀತೆಯ ಪರಂಪರೆಯಲ್ಲಿ ಸತ್ತವರು ದೇವರ ಹೆಸರಿಗಾಗಿ ಪ್ರಾಣಕೊಟ್ಟ ಹುತಾತ್ಮರು. ದುರಂತ ಪಾಪಕ್ಕೆ ತಕ್ಕ ದಂಡನೆ. ಬಿಯಾಲಿಕ್ ಎರಡನ್ನೂ ತಳ್ಳಿಹಾಕಿದ. ಇಲ್ಲಿ ಸಾವಿಗೆ ಅರ್ಥವಿಲ್ಲ. ದೇವರು ತಾನೇ ದಿವಾಳಿಯಾಗಿ ಭಕ್ತರೆದುರು ನಿಂತಿದ್ದಾನೆ. ಆದರೆ ಕವನದ ಉಗ್ರವಾದ ಏಟು ಬಿದ್ದದ್ದು ದಾಳಿಕೋರರ ಮೇಲಲ್ಲ, ಹೆಂಡತಿ ಮಕ್ಕಳ ಮಾನಭಂಗವನ್ನು ಅಡಗಿಕೊಂಡು ನೋಡಿದ ಗಂಡಸರ ಮೇಲೆ, ಗಾಯವನ್ನೇ ತೋರಿಸಿ ಭಿಕ್ಷೆ ಬೇಡುವ ಸಮುದಾಯದ ಮೇಲೆ.

ಕವನದ ಪರಿಣಾಮ ಅಸಾಧಾರಣವಾಗಿತ್ತು. ವ್ಲಾದಿಮಿರ್ ಝಬೋತಿನ್ಸ್ಕಿಯ ರಷ್ಯನ್ ಅನುವಾದ ಹೀಬ್ರೂ ಬಾರದ ತರುಣರನ್ನೂ ಮುಟ್ಟಿತು. ಬಿಯಾಲಿಕ್ ತಾನೇ ಯಿದ್ದಿಷಿಗೆ ತಂದ. ರಷ್ಯದ ಊರೂರುಗಳಲ್ಲಿ ಯೆಹೂದಿ ಆತ್ಮರಕ್ಷಣಾ ದಳಗಳು ಹುಟ್ಟಲು, ಮುಂದೆ ಪ್ಯಾಲೆಸ್ತೀನಿಗೆ ತರುಣರು ವಲಸೆ ಹೋಗಲು ಇದು ಒಂದು ಪ್ರೇರಣೆಯಾಯಿತು. ನಂತರದ ಸಂಶೋಧಕರು ಇನ್ನೊಂದು ಮುಖವನ್ನು ತೋರಿಸಿದ್ದಾರೆ. ಕಿಷಿನೆವ್‌ನಲ್ಲಿ ಯೆಹೂದಿಗಳು ಕೋಲು, ಕಂಬಿಗಳೊಡನೆ ಎದುರು ನಿಂತ ಪ್ರಸಂಗಗಳೂ ಇದ್ದವು. ಬಿಯಾಲಿಕ್ ಬರೆದುಕೊಂಡ ಹೇಳಿಕೆಗಳಲ್ಲಿಯೇ ಅವುಗಳ ಉಲ್ಲೇಖವಿದೆ. ಕವನ ಅವನ್ನು ಬಿಟ್ಟಿತು. ನೊಂದ ಹೆಂಗಸರ ಮಾತು ಟಿಪ್ಪಣಿ ಪುಸ್ತಕದಲ್ಲಿಯೇ ಉಳಿದು ಗಂಡಸರ ಅವಮಾನ ಮುನ್ನೆಲೆಗೆ ಬಂತೆಂಬ ಆಕ್ಷೇಪವೂ ಇದೆ. ಚರಿತ್ರೆಯ ದಾಖಲೆಯಾಗಿ ಈ ಕವನವನ್ನು ಓದಲಾಗದು. ಆದರೆ ಚರಿತ್ರೆಯನ್ನು ಬದಲಿಸಿದ ಕೆಲವೇ ಕವನಗಳಲ್ಲಿ ಇದೂ ಒಂದು.

ಕಾವ್ಯದ ವಸ್ತು ಮತ್ತು ರೀತಿ

ಕಿಷಿನೆವ್ ಕವನಗಳ ಪ್ರಖ್ಯಾತಿಯಿಂದಾಗಿ ಬಿಯಾಲಿಕ್ ಪ್ರವಾದಿಯ ದನಿಯ ಕವಿಯೆಂದೇ ಹೆಸರಾದ. ಯೆಶಾಯ, ಯೆರೆಮೀಯರ ಗರ್ಜನೆಯನ್ನು ಅನುಸರಿಸಿದ ಕವನಗಳು ಅವನಲ್ಲಿ ಹಲವಿವೆ. ಆದರೆ ಅವನ ಕಾವ್ಯದ ಒಳತಿರುಳು ಇರುವುದು ಬೇರೆ ಕಡೆ. 1902ರ ಲೆವದ್ದೀ (ಒಂಟಿಯಾಗಿ) ಕವಿತೆಯಲ್ಲಿ ಗೆಳೆಯರೆಲ್ಲ ಹೊಸ ಬೆಳಕಿನತ್ತ ಹಾರಿಹೋದ ಮೇಲೆ ಹಳೆಯ ಅಧ್ಯಯನಮಂದಿರದಲ್ಲಿ ಉಳಿದ ತರುಣನಿದ್ದಾನೆ. ಅವನ ಜತೆಗಿರುವುದು ರೆಕ್ಕೆ ಮುರಿದ ದೈವೀ ಸಾನ್ನಿಧ್ಯ ಮಾತ್ರ. 1905ರ ಹಖ್ನಿಸೀನಿ ತಹತ್ ಕೆನಾಫೇಖ್ (ನಿನ್ನ ರೆಕ್ಕೆಯಡಿ ನನ್ನನ್ನು ಸೇರಿಸಿಕೊ) ಪ್ರೇಮಗೀತೆಯೂ ಹೌದು, ತಾಯಿಗಾಗಿ ಹಂಬಲಿಸುವ ಮಗುವಿನ ಮೊರೆಯೂ ಹೌದು, ನಂಬಿಕೆ ಕಳೆದುಕೊಂಡವನ ಪ್ರಾರ್ಥನೆಯೂ ಹೌದು. ಮೂರರಲ್ಲಿ ಯಾವುದೆಂದು ಬಿಡಿಸಿ ಹೇಳಲಾಗದಂತೆ ಹೆಣೆದಿರುವುದೇ ಅದರ ಸೊಗಸು. ರಾಗಸಂಯೋಜನೆಗೊಂಡು ಇಂದಿಗೂ ಹಾಡಲ್ಪಡುವ ಕವಿತೆಯಿದು. ಕಿಷಿನೆವ್ ಮೂಲದ ಚಿತ್ರಕಲಾವಿದೆ ಇರಾ ಯಾನ್ ಜತೆಗಿನ ಸ್ನೇಹಪ್ರೇಮದ ನೆರಳು ಈ ಕಾಲದ ಕೆಲವು ಕವಿತೆಗಳ ಮೇಲಿದೆ ಎಂಬುದು ವಿದ್ವಾಂಸರ ಅಭಿಪ್ರಾಯ.

ಪ್ರಕೃತಿಯನ್ನು ಹೀಬ್ರೂವಿನಲ್ಲಿ ಕಣ್ಣಾರೆ ಕಂಡಂತೆ ಬರೆದದ್ದು ಅವನ ಇನ್ನೊಂದು ಗೆಲುವು. ಝೋಹರ್ (ಬೆಳಕು) ಕವನದಲ್ಲಿ ಹಳ್ಳಿಯ ಬಿಸಿಲು ಬಾಲಕನನ್ನು ಸುತ್ತುವರಿದು ಕುಣಿಯುತ್ತದೆ. ಹಬ್ರೇಖಾ (ಕೊಳ) ಕಾಡಿನ ನಡುವಣ ನೀರನ್ನು ಬೆಳಗು, ಬೆಳುದಿಂಗಳು, ಬಿರುಗಾಳಿಗಳಲ್ಲಿ ಹಿಡಿಯುತ್ತ, ಜಗತ್ತು ಮತ್ತು ಅದರ ಪ್ರತಿಬಿಂಬದಲ್ಲಿ ಯಾವುದು ನಿಜ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಮೆತೇ ಮಿದ್ಬಾರ್ (ಮರುಭೂಮಿಯಲ್ಲಿ ಸತ್ತವರು, 1902) ತಾಲ್ಮುಡಿನ ಐತಿಹ್ಯವೊಂದನ್ನು ಮಹಾಕಾವ್ಯದ ಗಾತ್ರಕ್ಕೆ ಹಿಗ್ಗಿಸುತ್ತದೆ: ಈಜಿಪ್ಟಿನಿಂದ ಹೊರಟು ವಾಗ್ದತ್ತ ನಾಡನ್ನು ಕಾಣದೆ ಮಡಿದ ದೈತ್ಯರು ಮರಳಿನಲ್ಲಿ ಮಲಗಿದ್ದಾರೆ, ಒಮ್ಮೆ ಎದ್ದು ದೇವರ ವಿರುದ್ಧ ದಂಗೆಯೇಳುತ್ತಾರೆ, ಮತ್ತೆ ಕಲ್ಲಾಗುತ್ತಾರೆ. ಮೆಗಿಲ್ಲತ್ ಹಾಎಶ್ (ಬೆಂಕಿಯ ಸುರುಳಿ, 1905) ಜೆರೂಸಲೆಮಿನ ದೇವಾಲಯದ ನಾಶವನ್ನು ತರುಣನೊಬ್ಬನ ಕಾಮ ಮತ್ತು ವೈರಾಗ್ಯದ ಸಂಘರ್ಷದೊಡನೆ ಬೆಸೆದ ಗದ್ಯಕಾವ್ಯ.

ಭಾಷೆಯ ಮಟ್ಟದಲ್ಲಿ ಬಿಯಾಲಿಕ್ ಮಾಡಿದ್ದು ಸೂಕ್ಷ್ಮವಾದ ಕೆಲಸ. ಬೈಬಲಿನ ಪದವೊಂದನ್ನು ಬಳಸಿದರೆ ಓದುಗನ ಮನಸ್ಸಿನಲ್ಲಿ ಅದರ ಮೂಲಸಂದರ್ಭ ಎದ್ದು ನಿಲ್ಲುತ್ತದೆಂಬುದು ಅವನಿಗೆ ಗೊತ್ತಿತ್ತು. ಆ ನೆನಪನ್ನೇ ತಿರುಗಿಸಿ ಹೊಸ ಅರ್ಥಕ್ಕೆ ಹೊಂದಿಸಿದ. ದೇವರಿಗೆ ಸಲ್ಲುವ ನುಡಿ ಅನಾಥನಿಗೆ ಸಂದಿತು, ಸ್ತುತಿಯ ಪದ ಆರೋಪವಾಯಿತು. ಹಿಂದಿನ ತಲೆಮಾರಿನವರಂತೆ ಬೈಬಲ್ ಒಂದಕ್ಕೇ ಅಂಟಿಕೊಳ್ಳದೆ ತಾಲ್ಮುಡ್, ಐತಿಹ್ಯ, ಪ್ರಾರ್ಥನೆ, ಕಬ್ಬಾಲಗಳ ಪದಕೋಶವನ್ನೆಲ್ಲ ಒಂದೇ ಪಾಕದಲ್ಲಿ ಬೆರೆಸಿದ.

ಛಂದಸ್ಸಿನ ಸಮಸ್ಯೆ

ಬಿಯಾಲಿಕನ ಕಾವ್ಯಕ್ಕೆ ಭಾಷೆಯ ಪುನರುಜ್ಜೀವನದಿಂದಲೇ ಒಂದು ನಷ್ಟವಾಯಿತು. ಅವನು ರಷ್ಯನ್ ಮಾದರಿಯಲ್ಲಿ ಒತ್ತುಳ್ಳ ಮತ್ತು ಒತ್ತಿಲ್ಲದ ಅಕ್ಷರಗಳ ಲಯವನ್ನು ಹೀಬ್ರೂವಿಗೆ ಒಗ್ಗಿಸಿದವರಲ್ಲಿ ಒಬ್ಬ. ಪೂರ್ವ ಯೂರೋಪಿನ ಅಶ್ಕೆನಾಝಿ ಉಚ್ಚಾರಣೆಯಲ್ಲಿ ಪದದ ಒತ್ತು ಹೆಚ್ಚಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಪ್ಯಾಲೆಸ್ತೀನಿನಲ್ಲಿ ನೆಲೆಗೊಂಡದ್ದು ಸೆಫಾರ್ದಿ ಉಚ್ಚಾರಣೆಯನ್ನು ಅನುಸರಿಸಿದ ಮಾತು. ಅದರಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಅಕ್ಷರದ ಮೇಲೆ. ಕೆಲವು ಸ್ವರಗಳೂ ಬೇರೆ. ಹೀಗಾಗಿ ಇಂದಿನ ಇಸ್ರೇಲಿ ವಿದ್ಯಾರ್ಥಿ ಬಿಯಾಲಿಕನನ್ನು ಗಟ್ಟಿಯಾಗಿ ಓದಿದರೆ ಕವಿ ಕೇಳಿಸಿಕೊಂಡಿದ್ದ ಲಯ ಕೇಳಿಸುವುದಿಲ್ಲ. ಎಷ್ಟೋ ಕಡೆ ಪ್ರಾಸವೂ ಸಡಿಲವಾಗುತ್ತದೆ. ತನ್ನ ಪ್ರಮುಖ ಕವಿತೆಗಳನ್ನು ಹೊಸ ಉಚ್ಚಾರಣೆಗೆ ತಿದ್ದಿ ಬರೆಯಲು ಅವನು ಹೋಗಲಿಲ್ಲ.

ಮೌನ ಮತ್ತು ಗದ್ಯ

1911ರ ಬಳಿಕ ಬಿಯಾಲಿಕ್ ಕವಿತೆ ಬರೆಯುವುದನ್ನು ಹೆಚ್ಚುಕಡಮೆ ನಿಲ್ಲಿಸಿದ. ಆಗ ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಬಂದ ಗಂಭೀರ ಕವಿತೆಗಳು ಬೆರಳೆಣಿಕೆಯವು. ಈ ಮೌನದ ಕಾರಣವೇ ಹೀಬ್ರೂ ವಿಮರ್ಶೆಯಲ್ಲಿ ಒಂದು ದೊಡ್ಡ ಚರ್ಚೆ. ರಾಷ್ಟ್ರಕವಿಯ ಪಟ್ಟ ತಂದ ಹೊರೆ, ಜನರ ಮೇಲಿನ ನಿರಾಶೆ, ಪ್ರಕಾಶನದ ದುಡಿಮೆ, ಎಳವೆಯ ನೆನಪುಗಳ ಸೆಲೆ ಬತ್ತಿದ್ದು ಹೀಗೆ ಹಲವು ವಿವರಣೆಗಳಿವೆ. ತನ್ನನ್ನು ಪ್ರವಾದಿಯೆಂದು ಕರೆಯುವುದನ್ನು ಅವನು ಕವಿತೆಗಳಲ್ಲಿಯೇ ಕಟುವಾಗಿ ನಿರಾಕರಿಸಿದ್ದ. 1910ರ ಸುಮಾರಿನ ಕವಿತೆಯೊಂದರಲ್ಲಿ ಅವನು ಹಳೆಯ ಪುಸ್ತಕದ ಕಪಾಟಿನ ಮುಂದೆ ಮರಳಿ ಬಂದು ನಿಲ್ಲುತ್ತಾನೆ; ಆದರೆ ಆ ಪುಸ್ತಕಗಳು ಅವನನ್ನು ಗುರುತಿಸುವುದಿಲ್ಲ.

ಗದ್ಯದಲ್ಲಿ ಮಾತ್ರ ಅವನ ಶಕ್ತಿ ಕುಂದಲಿಲ್ಲ. ಮರದ ವ್ಯಾಪಾರಿಗಳ ಒರಟು ಲೋಕವನ್ನು ಚಿತ್ರಿಸುವ ಆರ್ಯೇ ಬಾಲ್ ಗೂಫ್, ಯೆಹೂದಿ ಹುಡುಗ ಮತ್ತು ಕ್ರೈಸ್ತ ಹುಡುಗಿಯ ನಡುವಣ ಬೇಲಿಯ ಕಥೆ ಮೆಅಹೋರೇ ಹಗದೇರ್ (ಬೇಲಿಯ ಹಿಂದೆ), ಬಾಲ್ಯಸ್ಮೃತಿಗಳ ಸಫೀಯಖ್ ಹೀಬ್ರೂ ಗದ್ಯದ ಶ್ರೇಷ್ಠ ರಚನೆಗಳ ಸಾಲಿಗೆ ಸೇರುತ್ತವೆ. 1915ರ ಪ್ರಬಂಧವೊಂದರಲ್ಲಿ ಭಾಷೆ ಸತ್ಯವನ್ನು ತೋರಿಸುವುದಕ್ಕಿಂತ ಮುಚ್ಚುವುದೇ ಹೆಚ್ಚು ಎಂದು ವಾದಿಸಿದ. ಗದ್ಯಕಾರ ಗಟ್ಟಿಯಾದ ಹಿಮದ ಮೇಲೆ ನಿಶ್ಚಿಂತನಾಗಿ ನದಿ ದಾಟುತ್ತಾನೆ. ಕವಿ ಒಡೆದು ತೇಲುವ ಹಿಮದ ಹಲಗೆಗಳ ಮೇಲೆ ಹಾರುತ್ತ, ನಡುವೆ ಇಣುಕುವ ಆಳವನ್ನು ಕಾಣುತ್ತ ದಾಟುತ್ತಾನೆ ಎಂಬುದು ಅವನ ವಿವರಣೆ. ಧರ್ಮಶಾಸ್ತ್ರ (ಹಲಾಖಾ) ಮತ್ತು ಐತಿಹ್ಯ (ಅಗ್ಗಾದಾ) ಒಂದೇ ಸತ್ಯದ ಎರಡು ಮುಖಗಳೆಂದು ಸಾಧಿಸಿದ ಇನ್ನೊಂದು ಪ್ರಬಂಧವನ್ನು ವಿದ್ವಾಂಸ ಗೆರ್ಶೋಮ್ ಶೋಲೆಮ್ 1919ರಲ್ಲಿ ಜರ್ಮನ್ ಭಾಷೆಗೆ ಅನುವಾದಿಸಿದ. ಕರ್ತವ್ಯದ ಕಟ್ಟಿಲ್ಲದ ಬರಿಯ ಭಾವುಕ ರಾಷ್ಟ್ರಪ್ರೇಮದಿಂದ ಏನೂ ನಿಲ್ಲದು ಎಂಬ ಎಚ್ಚರಿಕೆಯೂ ಆ ಪ್ರಬಂಧದಲ್ಲಿದೆ.

ಸಂಗ್ರಹ, ಪ್ರಕಾಶನ, ಅನುವಾದ

ಹಳೆಯ ಹೀಬ್ರೂ ಸಾಹಿತ್ಯವನ್ನು ಸಂಗ್ರಹಿಸುವ ತನ್ನ ದುಡಿಮೆಯನ್ನು ಬಿಯಾಲಿಕ್ ಕಿನ್ನೂಸ್, ಅಂದರೆ ಕಲೆಹಾಕುವಿಕೆ, ಎಂದು ಕರೆದ. ಧರ್ಮಶ್ರದ್ಧೆ ಸಡಿಲವಾಗುತ್ತಿರುವ ಕಾಲದಲ್ಲಿ ಎರಡು ಸಾವಿರ ವರ್ಷಗಳ ಬರೆಹ ಪಂಡಿತರ ಕಪಾಟಿನಲ್ಲಿಯೇ ಉಳಿದು ಮರೆತುಹೋದೀತು. ಅದರಲ್ಲಿ ಬಾಳುವಂಥದ್ದನ್ನು ಆರಿಸಿ, ತಿದ್ದಿ, ಹೊಸ ಓದುಗನಿಗೆ ಕೊಡಬೇಕೆಂಬುದು ಅವನ ನಿಲುವು. ಇದಕ್ಕಾಗಿ ರಾವ್ನಿತ್ಸ್ಕಿ ಮತ್ತಿತರರೊಡನೆ ಒಡೆಸ್ಸಾದಲ್ಲಿ ಮೊರಿಯಾ ಎಂಬ ಪ್ರಕಾಶನವನ್ನು ಸ್ಥಾಪಿಸಿದ. ಶಾಲಾಪಠ್ಯಗಳಿಂದ ಅದು ಆರಂಭವಾಯಿತು. ರಾವ್ನಿತ್ಸ್ಕಿಯೊಡನೆ ಸಂಪಾದಿಸಿದ ಸೇಫೆರ್ ಹಾಅಗ್ಗಾದಾ (1908-11) ಈ ಯೋಜನೆಯ ಕಿರೀಟ. ತಾಲ್ಮುಡ್ ಮತ್ತು ಮಿದ್ರಾಶ್‌ಗಳಲ್ಲಿ ಚದುರಿದ್ದ ಕಥೆ, ದೃಷ್ಟಾಂತ, ಗಾದೆ, ಐತಿಹ್ಯಗಳನ್ನು ವಿಷಯವಾರು ಜೋಡಿಸಿ, ಅರಮೇಯಿಕ್ ಭಾಗಗಳನ್ನು ಹೀಬ್ರೂವಿಗೆ ತಂದ ಈ ಗ್ರಂಥ ಮನೆಮನೆಯ ಪುಸ್ತಕವಾಯಿತು. ಮತ್ತೆ ಮತ್ತೆ ಮುದ್ರಣಗೊಂಡಿತು. ಮುಂದೆ ಅದೇ ಜೋಡಿ ಇಬ್ನ್ ಗಬಿರೋಲ್ ಮತ್ತು ಮೋಶೆ ಇಬ್ನ್ ಎಜ್ರಾ ಅವರ ಕವಿತೆಗಳನ್ನು ಸಂಪಾದಿಸಿತು.

ಅನುವಾದಕನಾಗಿ ಸೆರ್ವಾಂಟಿಸನ ಡಾನ್ ಕ್ವಿಕ್ಸೋಟ್ ಕೃತಿಯನ್ನು ಸಂಕ್ಷೇಪಿಸಿ ಹೀಬ್ರೂವಿಗೆ ತಂದ. ಷಿಲ್ಲರನ ವಿಲ್ಹೆಲ್ಮ್ ಟೆಲ್ ನಾಟಕವನ್ನೂ ಅನುವಾದಿಸಿದ. ಅನ್‌ಸ್ಕಿಯ ದಿಬ್ಬುಕ್ ನಾಟಕದ ಅವನ ಅನುವಾದವನ್ನು ವಖ್ತಂಗೋವನ ನಿರ್ದೇಶನದಲ್ಲಿ ಹಬೀಮಾ ತಂಡ 1922ರಲ್ಲಿ ಮಾಸ್ಕೋದಲ್ಲಿ ರಂಗಕ್ಕೆ ತಂದಿತು. ಹೀಬ್ರೂ ರಂಗಭೂಮಿಯ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ವಿಮಾನ, ಕ್ಯಾಮೆರಾ, ಆಮದು, ರಫ್ತುಗಳಿಗೆ ಇಂದು ಬಳಕೆಯಲ್ಲಿರುವ ಹೀಬ್ರೂ ಪದಗಳನ್ನು ರೂಪಿಸಿದವನೂ ಬಿಯಾಲಿಕನೇ.

ಬರ್ಲಿನ್ ಮತ್ತು ಟೆಲ್ ಅವೀವ್

ರಷ್ಯನ್ ಕ್ರಾಂತಿಯ ನಂತರ ಸೋವಿಯತ್ ಆಡಳಿತ ಹೀಬ್ರೂ ಪ್ರಕಾಶನಗಳನ್ನು ಮುಚ್ಚಿಸಿತು. ಮಾಕ್ಸಿಂ ಗೋರ್ಕಿ ನಡುವೆ ಬಂದು ಲೆನಿನನ ಆಡಳಿತದಿಂದ ಅನುಮತಿ ದೊರಕಿಸಿದ್ದರಿಂದ 1921ರಲ್ಲಿ ಬಿಯಾಲಿಕ್ ಹೀಬ್ರೂ ಲೇಖಕರ ಗುಂಪಿನೊಡನೆ ಒಡೆಸ್ಸಾ ಬಿಟ್ಟು ಹೊರಬಂದ. ಬರ್ಲಿನ್ನಿನಲ್ಲಿ ದ್ವೀರ್ ಪ್ರಕಾಶನವನ್ನು ಆರಂಭಿಸಿದ. ಐವತ್ತನೆಯ ಹುಟ್ಟುಹಬ್ಬದ ನೆನಪಿಗೆ ಯೋಸೆಫ್ ಬುಡ್ಕೋನ ಚಿತ್ರಗಳೊಡನೆ ಸಮಗ್ರ ಕೃತಿಗಳ ನಾಲ್ಕು ಸಂಪುಟಗಳು 1923ರಲ್ಲಿ ಅಲ್ಲಿ ಬಂದವು.

1924ರಲ್ಲಿ ಟೆಲ್ ಅವೀವಿಗೆ ಬಂದು ನೆಲೆಸಿದ. ಆ ಊರು ಅವನನ್ನು ದೊರೆಯಂತೆ ಬರಮಾಡಿಕೊಂಡಿತು. ಅವನ ಮನೆಯಿದ್ದ ಬೀದಿಗೆ ಬದುಕಿರುವಾಗಲೇ ಅವನ ಹೆಸರಿಟ್ಟಿತು. ವಾಸ್ತುಶಿಲ್ಪಿ ಯೋಸೆಫ್ ಮಿನೋರ್ ರೂಪಿಸಿದ, ಗುಮ್ಮಟ ಮತ್ತು ಬಣ್ಣದ ಹೆಂಚುಗಳ ಆ ಮನೆ ಲೇಖಕರಿಂದ ಹಿಡಿದು ಕೆಲಸ ಕೇಳಿ ಬಂದ ವಲಸಿಗರವರೆಗೆ ಎಲ್ಲರಿಗೂ ತೆರೆದಿತ್ತು. 1925ರ ಏಪ್ರಿಲ್ 1ರಂದು ಸ್ಕೋಪಸ್ ಬೆಟ್ಟದ ಮೇಲೆ ಹೀಬ್ರೂ ವಿಶ್ವವಿದ್ಯಾಲಯದ ಉದ್ಘಾಟನೆಯಲ್ಲಿ ಅವನು ಭಾಷಣ ಮಾಡಿದ. ಹೀಬ್ರೂ ಲೇಖಕರ ಸಂಘದ ನಾಯಕತ್ವ ವಹಿಸಿದ; ಭಾಷಾ ಸಮಿತಿಯಲ್ಲಿ ದುಡಿದ. ಶನಿವಾರದ ಮಧ್ಯಾಹ್ನಗಳಲ್ಲಿ ಉಪನ್ಯಾಸ, ಚರ್ಚೆ, ಹಾಡುಗಳ ಒನೆಗ್ ಶಬ್ಬತ್ ಕೂಟಗಳನ್ನು ಆರಂಭಿಸಿದ. ಧಾರ್ಮಿಕನೂ ಅಲ್ಲದ, ಧರ್ಮವಿರೋಧಿಯೂ ಅಲ್ಲದ ನಗರವಾಸಿಗೆ ವಿಶ್ರಾಂತಿ ದಿನವನ್ನು ಸಾಂಸ್ಕೃತಿಕ ಹಬ್ಬವಾಗಿಸಿದ ಈ ಪದ್ಧತಿ ಬೇರೆ ಊರುಗಳಿಗೂ ದೇಶಗಳಿಗೂ ಹರಡಿತು.

ಮಕ್ಕಳಿಲ್ಲದ ಬಿಯಾಲಿಕ್ ಹೀಬ್ರೂ ಶಿಶುಗೀತೆಯ ಜನಕರಲ್ಲಿ ಒಬ್ಬ. ಮನೆಯಲ್ಲಿ ಹೀಬ್ರೂ ಆಡುವ ಮಕ್ಕಳೇ ವಿರಳವಾಗಿದ್ದ ಕಾಲದಲ್ಲಿ ಏರಿಳಿಯುವ ತೂಗುಹಲಗೆ, ಹಕ್ಕಿಗೂಡು, ಆಟಗಳನ್ನು ಕುರಿತು ಪದ್ಯ ಕಟ್ಟಿದ. ಅವನ ಮಕ್ಕಳ ಕವಿತೆಗಳ ಸಂಗ್ರಹ 1933ರಲ್ಲಿ ಪ್ರಕಟವಾಯಿತು. ಸಬ್ಬತ್ ರಾಣಿಯನ್ನು ಸ್ವಾಗತಿಸುವ ಅವನ ಗೀತೆಗೆ ಒಡೆಸ್ಸಾದ ಪ್ರಾರ್ಥನಾಗಾಯಕ ಪಿನ್ಹಾಸ್ ಮಿನ್ಕೋವ್‌ಸ್ಕಿ ಹಾಕಿದ ರಾಗ ಇಂದಿಗೂ ಬಳಕೆಯಲ್ಲಿದೆ.

ಕೊನೆಯ ವರ್ಷಗಳಲ್ಲಿ ತಂದೆತಾಯಿ ಮತ್ತು ತಬ್ಬಲಿತನವನ್ನು ಕುರಿತ ಯಾತ್ಮೂತ್ ಎಂಬ ಕವನಮಾಲೆಯನ್ನು ಬರೆದ. ಚಿಕಿತ್ಸೆಗಾಗಿ ವಿಯೆನ್ನಾಕ್ಕೆ ಹೋದವನು ಶಸ್ತ್ರಕ್ರಿಯೆಯ ಬಳಿಕ 1934ರ ಜುಲೈ 4ರಂದು ಅಲ್ಲಿಯೇ ತೀರಿಕೊಂಡ. ಟೆಲ್ ಅವೀವಿನ ಟ್ರುಂಪೆಲ್ಡೋರ್ ಸ್ಮಶಾನದಲ್ಲಿ, ಗುರುವೆಂದು ಭಾವಿಸಿದ್ದ ಅಹದ್ ಹಾಆಮ್‌ನ ಸಮೀಪದಲ್ಲಿ, ಅವನ ಸಮಾಧಿಯಿದೆ.

ವಿರೋಧ ಮತ್ತು ವಿಮರ್ಶೆ

ಬಿಯಾಲಿಕನ ಪ್ರಭಾವ ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಕವಿಗಳು ಅವನ ವಿರುದ್ಧ ಬಂಡೆದ್ದೇ ತಮ್ಮ ದನಿಯನ್ನು ಕಂಡುಕೊಳ್ಳಬೇಕಾಯಿತು. 1920ರ ದಶಕದಲ್ಲಿ ಅವ್ರಹಾಮ್ ಶ್ಲೋನ್ಸ್ಕಿ ಮತ್ತು ಸಂಗಡಿಗರು ಕೆತೂವೀಮ್ ಪತ್ರಿಕೆಯ ಮೂಲಕ ಈ ಹಿರಿಯನ ಪೀಠವನ್ನು ಅಲುಗಿಸಿದರು. 1927ರಲ್ಲಿ ಯಿದ್ದಿಷ್ ಲೇಖಕರಾದ ಶೋಲೆಮ್ ಆಶ್ ಮತ್ತು ಪೆರೆತ್ಸ್ ಹಿರ್ಶ್‌ಬೈನ್ ಟೆಲ್ ಅವೀವಿಗೆ ಬಂದಾಗ ಬಿಯಾಲಿಕ್ ಆದರದಿಂದ ಸ್ವಾಗತಿಸಿದ್ದನ್ನೂ ಹೀಬ್ರೂವಾದಿ ತರುಣರು ಖಂಡಿಸಿದರು. ಯಿದ್ದಿಷಿನಲ್ಲಿಯೂ ಕವಿತೆ ಬರೆದಿದ್ದ ಅವನಿಗೆ ತಾಯ್ನುಡಿಯನ್ನು ಶತ್ರುವೆಂದು ಕಾಣುವುದು ಆಗುತ್ತಿರಲಿಲ್ಲ. ಇಸ್ರೇಲ್ ಸ್ಥಾಪನೆಯ ನಂತರದ ಕವಿಗಳಾದ ನಾತಾನ್ ಝಾಖ್, ಯೆಹೂದಾ ಅಮಿಹಾಯ್ ಆಡುನುಡಿಯ ಕಡೆ ಹೊರಳಿದಾಗ ಬಿಯಾಲಿಕನ ಏರುದನಿ ಇನ್ನೂ ದೂರ ಸರಿಯಿತು. ಆ ಬಳಿಕ ಅವನನ್ನು ರಾಷ್ಟ್ರದ ವಕ್ತಾರನೆಂದು ನೋಡುವುದು ಕಡಮೆಯಾಗಿ, ಅವನ ಭಾವಗೀತೆ ಮತ್ತು ಗದ್ಯಗಳ ಮರುಓದು ಹೆಚ್ಚಾಗಿದೆ.

ಪರಂಪರೆ

ಟೆಲ್ ಅವೀವ್ ನಗರಸಭೆ ಅವನ ಅರವತ್ತನೆಯ ವರ್ಷದ ನೆನಪಿಗೆ 1933ರಲ್ಲಿ ಸ್ಥಾಪಿಸಿದ ಬಿಯಾಲಿಕ್ ಪ್ರಶಸ್ತಿ ಹೀಬ್ರೂ ಸಾಹಿತ್ಯದ ಪ್ರತಿಷ್ಠಿತ ಪುರಸ್ಕಾರಗಳಲ್ಲಿ ಒಂದು. 1935ರಲ್ಲಿ ಆರಂಭವಾದ ಬಿಯಾಲಿಕ್ ಇನ್‌ಸ್ಟಿಟ್ಯೂಟ್ ಹೀಬ್ರೂ ಶಾಸ್ತ್ರಗ್ರಂಥಗಳನ್ನೂ ಅನುವಾದಗಳನ್ನೂ ಪ್ರಕಟಿಸುತ್ತ ಬಂದಿದೆ. ಹೈಫಾ ಬಳಿಯ ಕಿರ್ಯಾತ್ ಬಿಯಾಲಿಕ್ ಪಟ್ಟಣಕ್ಕೆ ಅವನ ಹೆಸರಿದೆ. ಗಿವತ್ ಹೇನ್ ಎಂಬ ಹಳ್ಳಿಯ ಹೆಸರಿನಲ್ಲಿ ಅವನ ಹೆಸರಿನ ಮೊದಲಕ್ಷರಗಳಿವೆ. ಇಸ್ರೇಲಿನ ಹತ್ತು ಲಿರಾ ನೋಟಿನ ಮೇಲೆ ಅವನ ಭಾವಚಿತ್ರ ಅಚ್ಚಾಗಿತ್ತು. ಟೆಲ್ ಅವೀವಿನ ಅ‍ವನ ಮನೆ ವಸ್ತುಸಂಗ್ರಹಾಲಯವಾಗಿದ್ದು, ದುರಸ್ತಿಯ ನಂತರ 2009ರಲ್ಲಿ ಮತ್ತೆ ತೆರೆಯಿತು.

ಬಿಯಾಲಿಕ್ ಬರೆದ ಕವಿತೆಗಳ ಮೊತ್ತ ದೊಡ್ಡದಲ್ಲ. ಅದರ ಬಹುಭಾಗ ಇಪ್ಪತ್ತು ವರ್ಷಗಳೊಳಗೆ ಬಂದದ್ದು. ಜನ ಅವನಲ್ಲಿ ಪ್ರವಾದಿಯನ್ನು ಹುಡುಕಿದರು. ಅವನು ಹೆಚ್ಚು ನಿಜವಾಗಿ ಬರೆದದ್ದು ಮನೆ ಕಳೆದುಕೊಂಡ ಹುಡುಗನ ದುಃಖವನ್ನು. ಕವಿತೆ ನಿಂತ ಮೇಲೆ ಕೈಗೆತ್ತಿಕೊಂಡ ಸಂಗ್ರಹಕಾರ್ಯ ಅವನ ಕಾವ್ಯದಷ್ಟೇ ಬಾಳಿಕೆ ಬಂದಿದೆ. ಹೀಬ್ರೂ ಇಂದು ಬೀದಿಯ ಮಾತಾಗಿಯೂ ತನ್ನ ಪ್ರಾಚೀನ ಸಾಹಿತ್ಯದೊಡನೆ ನಂಟು ಕಡಿದುಕೊಳ್ಳದೆ ಉಳಿದಿದ್ದರೆ, ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಬಿಯಾಲಿಕನದು.